ಹಾರುವ ಸೂಪರ್‌ಮ್ಯಾನ್, ಕೆರೆ ಕಟ್ಟಿಸಿದ ಸಿದ್ಧರಾಮ

1938ರಲ್ಲಿ ಮೊದಲ ಸಲ ಬಂದ ಸೂಪರ್‌ಮ್ಯಾನ್‌ಗೆ ಹಾರಲು ಬರುತ್ತಿರಲಿಲ್ಲ, ಬರೀ ಜಿಗಿಯುತ್ತಿದ್ದ. ಆದರೆ ಹೆಂಡತಿಯನ್ನು ಹೊಡೆಯುವ ಗಂಡನಿಗೆ ಬುದ್ಧಿ ಕಲಿಸಿದ, ತಪ್ಪು ಮಾಡದ ಹೆಣ್ಣೊಬ್ಬಳನ್ನು ಮರಣದಂಡನೆಯಿಂದ ಉಳಿಸಿದ. ಆಮೇಲೆ ಬರೆದವರು ಅವನಿಂದ ಗ್ರಹಗಳನ್ನೇ ತಳ್ಳಿಸಿದರು. ಶಕ್ತಿ ಬೆಳೆದಂತೆ ನೆರೆಮನೆಯ ಅನ್ಯಾಯ ಅವನ ಕಣ್ಣಿಗೆ ಸಣ್ಣದಾಯಿತು.

ನಮ್ಮ ಸೊಲ್ಲಾಪುರದ ಸಿದ್ಧರಾಮರಿಗೂ ಇದೇ ಗತಿ ಬರುತ್ತಿದೆ. 12ನೇ ಶತಮಾನದಲ್ಲಿ ಸೊನ್ನಲಿಗೆಯ ಜನರನ್ನು ಕೂಡಿಸಿ ಕೆರೆ ಕಟ್ಟಿಸಿದವರು ಅವರು. ‘ಕಪಿಲಸಿದ್ಧ ಮಲ್ಲಿಕಾರ್ಜುನ’ ಅಂಕಿತದಲ್ಲಿ ಕನ್ನಡ ವಚನ ಬರೆದವರೂ ಅವರೇ. ಈಗ ಭಾಷಣಗಳಲ್ಲಿ ನಾವು ಕೇಳುವುದು ಹೆಚ್ಚಾಗಿ ಪವಾಡ. ಸಂಕ್ರಾಂತಿಯ ಗಡ್ಡಾ ಜಾತ್ರೆಯಲ್ಲಿ ಏಳು ನಂದಿಧ್ವಜ ಎಲ್ಲರಿಗೂ ಕಾಣುತ್ತವೆ, ಆ ಗುದ್ದಲಿಯ ಮಾತು ಮಾತ್ರ ಇಲ್ಲ!

ಕತೆ ಬೆಳೆಯುತ್ತದೆ, ಬೆಳೆಯಲಿ. 13ನೇ ಶತಮಾನದ ರಾಘವಾಂಕನೂ ಸಿದ್ಧರಾಮ ಚಾರಿತ್ರದಲ್ಲಿ ಪವಾಡ ಬರೆದ. ಆದರೆ ಕೆರೆಯನ್ನು ಬಿಡಲಿಲ್ಲ.

ಪವಾಡ ಮಾಡುವುದನ್ನು ಮಗು ಕಲಿಯಲಾರದು. ಹತ್ತು ಜನರ ಜೊತೆ ಮಣ್ಣು ಹೊರುವುದನ್ನು, ತನ್ನ ನುಡಿಯಲ್ಲಿ ಬರೆಯುವುದನ್ನು ಕಲಿಯಬಲ್ಲದು. ಸೊಲ್ಲಾಪುರ, ಅಕ್ಕಲಕೋಟೆಯ ಕನ್ನಡ ಶಾಲೆಗಳ ಗುರುಗಳೇ, ಪಾಲಕರೇ, ಬರುವ ಜನವರಿಯಲ್ಲಿ ಮಕ್ಕಳನ್ನು ಕೆರೆಯ ದಂಡೆಗೆ ಕರೆದೊಯ್ಯೋಣ. ಮೊದಲು ಒಂದು ವಚನ ಓದಿಸೋಣ. ಆಮೇಲೆ ಜಾತ್ರೆ ಇದ್ದೇ ಇದೆ.