ಆಟ ಅನ್ನ ಹಾಕದಿದ್ದರೆ ಅದು ಸೋಲೇ?

‘ಆಟ ಆಡಿ ಏನು ಸಂಪಾದಿಸಿದೆ?’ ಈ ಮಾತು ಕೇಳಿಸಿಕೊಳ್ಳದ ಆಟಗಾರ ಯಾವ ಊರಲ್ಲೂ ಇರಲಿಕ್ಕಿಲ್ಲ. ಆಟದಿಂದ ಸಂಬಳ ಬರಬೇಕು, ಇಲ್ಲದಿದ್ದರೆ ಅದು ಕಾಲಹರಣ ಅನ್ನುವುದು ನಮ್ಮ ಲೆಕ್ಕ. ಈ ಲೆಕ್ಕ ತಪ್ಪು ಅನ್ನಲು ಕೆನಡಾದ ಗೋಲ್‌ಕೀಪರ್ ಸೇತ್ ಮಾರ್ಟಿನ್ ಅವರ ಬದುಕು ನೋಡಿದರೆ ಸಾಕು.

ಅವರ ಆಟ ಐಸ್ ಹಾಕಿ. ಮಂಜುಗಡ್ಡೆಯ ಮೇಲೆ ಜಾರುತ್ತಾ ಆಡುವ ಈ ಆಟದಲ್ಲಿ ಚೆಂಡಿನ ಬದಲು ಗಟ್ಟಿ ರಬ್ಬರಿನ ಬಿಲ್ಲೆ ಇರುತ್ತದೆ. ಅದು ಮುಖಕ್ಕೆ ಬಡಿದರೆ ಹಲ್ಲು, ಮೂಳೆ ಉಳಿಯುವುದು ಕಷ್ಟ. ಆರು ಅಡಿ ಅಗಲ, ನಾಲ್ಕು ಅಡಿ ಎತ್ತರದ ಗೋಲನ್ನು ಒಬ್ಬನೇ ಕಾಯಬೇಕು. ಗೋಲ್‌ಕೀಪರ್‌ಗಳ ಮುಖವಾಡಗಳನ್ನು ಮಾರ್ಟಿನ್ ತಮ್ಮ ಕೈಯಾರೆ ತಯಾರಿಸುತ್ತಿದ್ದರು.

1933ರಲ್ಲಿ ಹುಟ್ಟಿದ ಮಾರ್ಟಿನ್ ಆಡಿದ್ದು ಟ್ರೇಲ್ ಎಂಬ ಸಣ್ಣ ಊರಿಗೆ. ಸೀಸ, ಸತು ಕರಗಿಸುವ ದೊಡ್ಡ ಕಾರ್ಖಾನೆಯೇ ಆ ಊರಿನ ಜೀವನಾಧಾರ. ತಂಡದ ಹೆಸರು ‘ಸ್ಮೋಕ್ ಈಟರ್ಸ್’, ಅಂದರೆ ಹೊಗೆ ತಿನ್ನುವವರು. ಹೊಟ್ಟೆಪಾಡಿಗೆ ಬೇರೆ ಕೆಲಸ ಮಾಡಿಕೊಂಡು ಆಡುವ ಹವ್ಯಾಸಿಗಳ ತಂಡ ಅದು. 1961ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್‌ಗೆ ಕೆನಡಾ ಕಳಿಸಿದ್ದು ಇದೇ ತಂಡವನ್ನು. ಎದುರಾಳಿ ಸೋವಿಯತ್ ಒಕ್ಕೂಟದವರು ಕಾಗದದ ಮೇಲೆ ಮಾತ್ರ ಹವ್ಯಾಸಿಗಳು, ವರ್ಷವಿಡೀ ಅವರಿಗೆ ಅಭ್ಯಾಸವೇ ಕೆಲಸ. ಆದರೂ ಅವರನ್ನು 5-1ರಿಂದ ಸೋಲಿಸಿ ಟ್ರೇಲ್‌ನವರು ಚಿನ್ನ ಗೆದ್ದರು. ಕೆನಡಾಗೆ ಮತ್ತೆ ಆ ಚಿನ್ನ ಸಿಕ್ಕಿದ್ದು 33 ವರ್ಷಗಳ ನಂತರ, 1994ರಲ್ಲಿ.

1961, 1963, 1964, 1966. ಈ ನಾಲ್ಕು ವರ್ಷ ವಿಶ್ವ ಕೂಟದ ಅತ್ಯುತ್ತಮ ಗೋಲ್‌ಕೀಪರ್ ಎನಿಸಿಕೊಂಡವರು ಮಾರ್ಟಿನ್.

‘ಅಷ್ಟು ಚೆನ್ನಾಗಿ ಆಡುತ್ತಿದ್ದರೆ ದೊಡ್ಡ ಲೀಗ್‌ಗೆ ಯಾಕೆ ಹೋಗಲಿಲ್ಲ?’ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. 1967ರವರೆಗೆ ಆ ಲೀಗ್‌ನಲ್ಲಿ ಇದ್ದದ್ದೇ ಆರು ತಂಡ. ಗೋಲ್‌ಕೀಪರ್ ಜಾಗಗಳು ಬೆರಳೆಣಿಕೆಯಷ್ಟು. ತಂಡಗಳು ಹನ್ನೆರಡಾದಾಗ, 34ನೇ ವಯಸ್ಸಿನಲ್ಲಿ, ಅವರು ಸೇಂಟ್ ಲೂಯಿಸ್ ಬ್ಲೂಸ್ ಪರ ಒಂದು ಋತು ಆಡಿದರು. ಆಮೇಲೆ ಟ್ರೇಲ್‌ಗೆ ಮರಳಿ ಅಗ್ನಿಶಾಮಕ ದಳದ ಕೆಲಸಕ್ಕೆ ನಿಂತರು.

ಹಣದ ತಕ್ಕಡಿಯಲ್ಲಿ ತೂಗಿದರೆ ಇದು ಒಂದೇ ಋತುವಿನ ಆಟಗಾರನ ಕಥೆ. ಆದರೆ ಅಂತರರಾಷ್ಟ್ರೀಯ ಐಸ್ ಹಾಕಿ ಒಕ್ಕೂಟ 1997ರಲ್ಲಿ ತನ್ನ ಗೌರವ ಪಟ್ಟಿ ಶುರು ಮಾಡಿದಾಗ ಮೊದಲ ಸಾಲಿನಲ್ಲೇ ಅವರ ಹೆಸರು ಸೇರಿಸಿತು. 2014ರಲ್ಲಿ ಅವರು ತೀರಿಕೊಂಡರು.

ಎಲ್ಲರಿಗೂ ಆಟದಿಂದಲೇ ಬದುಕು ಕಟ್ಟಿಕೊಳ್ಳಲು ಆಗುವುದಿಲ್ಲ, ನಿಜ. ಹಾಗಂತ ಕೆಲಸ ಸಿಕ್ಕ ದಿನವೇ ಆಟ ಬಿಡಬೇಕೆಂದೇನೂ ಇಲ್ಲ. ದುಡಿಮೆ ಮುಗಿಸಿ ಸಂಜೆ ಮೈದಾನಕ್ಕಿಳಿಯುವ ಹುಡುಗ, ಹುಡುಗಿಗೆ ‘ಇನ್ನೂ ಆಡ್ತೀಯಾ?’ ಎಂದು ಚುಚ್ಚುವ ಬದಲು ‘ಮ್ಯಾಚ್ ಯಾವಾಗ?’ ಎಂದು ಕೇಳೋಣ. ಅವರು ಆಟ ಬಿಡದೆ ಉಳಿಯಲು ಅಷ್ಟು ಮಾತೂ ಆಸರೆಯಾದೀತು.