ಹಳೆಯ ಕಾರು, ಮನೆಯಂಗಳದ ದುರಸ್ತಿ ಮತ್ತು ನಮ್ಮ ಬಿಡಿಭಾಗದ ಅಂಗಡಿಗಳು

ಸಿಂಧನೂರಿನ ಗಂಜಿನ ಮುಂದೆ, ಅಕ್ಕಿ ಗಿರಣಿಗಳ ಅಂಗಳದಲ್ಲಿ, ಮಸ್ಕಿ ಮತ್ತು ಲಿಂಗಸುಗೂರಿನ ಬಜಾರಿನಲ್ಲಿ ನಿಂತಿರುವ ಕಾರುಗಳನ್ನು ಗಮನಿಸಿದರೆ, ಹತ್ತು ಹದಿನೈದು ವರ್ಷ ದಾಟಿದ ವಾಹನಗಳು ಅವುಗಳಲ್ಲಿ ಅನೇಕ ಇರುವುದು ಕಾಣುತ್ತದೆ. 1983ರ ಡಿಸೆಂಬರಿನಲ್ಲಿ ಮಾರುಕಟ್ಟೆಗೆ ಬಂದ ಮಾರುತಿ 800ರ ತಯಾರಿಕೆ 2014ರ ಜನವರಿಯಲ್ಲಿ ನಿಂತಿತು. ಓಮ್ನಿಯ ತಯಾರಿಕೆ 2019ರಲ್ಲಿ ಮುಗಿಯಿತು. ಆದರೂ ವಸೂಲಿಗೆ, ಸರಕು ನೋಡುವುದಕ್ಕೆ, ರಾಯಚೂರಿನ ಕಚೇರಿ ಕೆಲಸಕ್ಕೆ ಇಂತಹ ಕಾರುಗಳನ್ನೇ ನಂಬಿರುವ ವರ್ತಕರು ನಮ್ಮಲ್ಲಿ ಇದ್ದಾರೆ. ಅವರಲ್ಲಿ ಕೆಲವರು ಭಾನುವಾರ ಪಾನಾ ಹಿಡಿದು ಮನೆಯಂಗಳದಲ್ಲಿಯೇ ಕಾರನ್ನು ದುರಸ್ತಿ ಮಾಡಿಕೊಳ್ಳುತ್ತಾರೆ.

ಇದನ್ನು ಜಿಪುಣತನವೆಂದು ಕೆಲವರು ನಗುತ್ತಾರೆ. ಗ್ಯಾರೇಜಿನವರ ಹೊಟ್ಟೆಯ ಮೇಲೆ ಹೊಡೆಯುವ ಕೆಲಸವೆಂದು ಇನ್ನು ಕೆಲವರು ಆಕ್ಷೇಪಿಸುತ್ತಾರೆ. ಈ ಎರಡು ಮಾತುಗಳನ್ನೂ ಒಪ್ಪುವುದು ಕಷ್ಟ. ಮಿತಿಯನ್ನರಿತು ಮಾಡಿದ ಮನೆಯ ದುರಸ್ತಿಯು ಸಣ್ಣ ವರ್ತಕನಿಗೆ ಲಾಭದಾಯಕವೇ ಸರಿ. ಆದರೆ ಅದು ಸುರಕ್ಷಿತವಾಗುವುದೋ ಅಪಾಯಕಾರಿಯಾಗುವುದೋ ಎಂಬುದು ಬಹುಮಟ್ಟಿಗೆ ನಮ್ಮ ಬಿಡಿಭಾಗದ ಅಂಗಡಿಗಳ ಪ್ರಾಮಾಣಿಕತೆಯನ್ನು ಅವಲಂಬಿಸಿದೆ. ಆದ್ದರಿಂದ ಈ ವಿಷಯವು ಕಾರಿನ ಮಾಲೀಕರದಷ್ಟೇ ಅಲ್ಲ, ವ್ಯಾಪಾರಿ ಸಮುದಾಯದ ವಿಷಯವೂ ಹೌದು.

ಲೆಕ್ಕ ಏನು ಹೇಳುತ್ತದೆ?

ನಮ್ಮ ಭಾಗದ ವ್ಯಾಪಾರವು ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನೊಡನೆ ಏರಿಳಿಯುತ್ತದೆ. 2024ರ ಆಗಸ್ಟಿನಲ್ಲಿ ಅಣೆಕಟ್ಟಿನ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ರೈತರಷ್ಟೇ ಆತಂಕವನ್ನು ಅಂಗಡಿಕಾರರೂ ಅನುಭವಿಸಿದರು. ಎರಡನೆಯ ಬೆಳೆಗೆ ನೀರು ಬರುವುದು ಖಚಿತವಿಲ್ಲದ ವರ್ಷದಲ್ಲಿ ಉದ್ರಿ ಬೆಳೆಯುತ್ತದೆ, ಬಾಕಿ ನಿಲ್ಲುತ್ತದೆ. ಆದರೆ ಬ್ಯಾಂಕಿನ ಕಂತು ಮಾತ್ರ ತಿಂಗಳು ತಪ್ಪದೆ ಬರುತ್ತದೆ.

ಒಂದು ಮಾದರಿ ಲೆಕ್ಕ ನೋಡೋಣ. 6 ಲಕ್ಷ ರೂಪಾಯಿ ಸಾಲವನ್ನು ಶೇ. 10ರ ಬಡ್ಡಿಯಲ್ಲಿ 5 ವರ್ಷಗಳ ಅವಧಿಗೆ ಪಡೆದರೆ ತಿಂಗಳ ಕಂತು ಸುಮಾರು 12,750 ರೂಪಾಯಿ. ಅಂದರೆ ವರ್ಷಕ್ಕೆ ಒಂದೂವರೆ ಲಕ್ಷಕ್ಕೂ ಹೆಚ್ಚು. ಬಡ್ಡಿಯೊಂದೇ ಒಟ್ಟು 1.65 ಲಕ್ಷದಷ್ಟಾಗುತ್ತದೆ. ಹಳೆಯ ಕಾರಿಗೆ ವರ್ಷಕ್ಕೆ 30-40 ಸಾವಿರ ರೂಪಾಯಿ ಖರ್ಚು ಮಾಡಿದರೂ ದುಡಿಮೆಯ ಬಂಡವಾಳ ಅಂಗಡಿಯಲ್ಲಿಯೇ ಉಳಿಯುತ್ತದೆ.

ಮತ್ತೊಂದು ಮಗ್ಗುಲನ್ನೂ ಮರೆಯುವಂತಿಲ್ಲ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿ.ಎಸ್.ಟಿ. ಶೇ. 18ಕ್ಕೆ ಇಳಿದಿದ್ದು ಹೊಸ ಕಾರು ಅಗ್ಗವಾಗಿದೆ. ನೋಂದಣಿಯ 15 ವರ್ಷ ಮುಗಿದ ಕಾರಿನ ನವೀಕರಣ ಶುಲ್ಕವು 2022ರ ಏಪ್ರಿಲ್ 1ರಂದು 600 ರೂಪಾಯಿಯಿಂದ 5,000 ರೂಪಾಯಿಗೆ ಏರಿತು. 20 ವರ್ಷ ದಾಟಿದ ಕಾರಿಗೆ 2025ರ ಆಗಸ್ಟಿನ ಅಧಿಸೂಚನೆಯಿಂದ ಅದು 10,000 ರೂಪಾಯಿ ಆಯಿತು. ಆದರೆ ಈ ನವೀಕರಣ 5 ವರ್ಷಗಳಿಗೆ ಸಲ್ಲುತ್ತದೆ. ಅಲ್ಲದೆ ಅದೇ ಸೆಪ್ಟೆಂಬರ್ 22ರಿಂದ ಶೇ. 28ರಷ್ಟಿದ್ದ ಬಿಡಿಭಾಗಗಳ ತೆರಿಗೆಯೂ ಶೇ. 18ಕ್ಕೆ ಬಂದಿದೆ. ನಮ್ಮ ಸ್ವಂತ ಓಡಾಟದ ಕಾರಿನ ದುರಸ್ತಿ ಸೇವೆಗೆ ತೆತ್ತ ಜಿ.ಎಸ್.ಟಿ.ಗೆ ಇನ್‌ಪುಟ್ ಕ್ರೆಡಿಟ್ ಸಿಗುವುದಿಲ್ಲವಾದ್ದರಿಂದ, ಮನೆಯಲ್ಲಿ ಮಾಡಿಕೊಂಡ ಕೆಲಸದ ಮಜೂರಿಯೂ ಅದರ ಮೇಲಿನ ತೆರಿಗೆಯೂ ನಿಜವಾದ ಉಳಿತಾಯ.

ಹಾಗೆಂದು ಎಲ್ಲ ಹಳೆಯ ಕಾರುಗಳನ್ನೂ ಉಳಿಸಿಕೊಳ್ಳಬೇಕೆಂದಲ್ಲ. ತಳದ ತಗಡು ತುಕ್ಕು ಹಿಡಿದು ಟೊಳ್ಳಾಗಿದ್ದರೆ, ಅಥವಾ ಒಂದೇ ದುರಸ್ತಿಯ ಅಂದಾಜು ಕಾರಿನ ಮಾರಾಟ ಬೆಲೆಯ ಅರ್ಧವನ್ನು ಮೀರಿದರೆ, ಅಂತಹ ವಾಹನವನ್ನು ನೋಂದಾಯಿತ ಸ್ಕ್ರ್ಯಾಪ್ ಕೇಂದ್ರಕ್ಕೆ ಒಪ್ಪಿಸಿ ಪ್ರಮಾಣಪತ್ರ ಪಡೆಯುವುದೇ ಜಾಣತನ.

ಮನೆಯಲ್ಲಿ ಮಾಡಬಹುದಾದ ಕೆಲಸ

ಟ್ರ್ಯಾಕ್ಟರು, ಅಕ್ಕಿ ಗಿರಣಿ, ಹಟ್ಟಿಯ ಚಿನ್ನದ ಗಣಿಗಳ ನಡುವೆ ಬೆಳೆದ ನಮ್ಮ ಜನರಿಗೆ ಯಂತ್ರದ ಭಯವಿಲ್ಲ. ಎಂಜಿನ್ ಆಯಿಲ್ ಮತ್ತು ಅದರ ಫಿಲ್ಟರ್ ಬದಲಿಸುವುದು, ಸ್ಪಾರ್ಕ್ ಪ್ಲಗ್ ಶುಚಿಗೊಳಿಸುವುದು, ವೈಪರ್, ಬಲ್ಬ್, ಫ್ಯೂಸ್ ಹಾಕುವುದು, ಬ್ಯಾಟರಿಯ ತುದಿಗಳನ್ನು ತೊಳೆದು ಬಿಗಿಗೊಳಿಸುವುದು ಇವೆಲ್ಲ ಕೈಪಿಡಿ ಓದಿ ಮಾಡಬಹುದಾದ ಕೆಲಸಗಳು. ಒಂದು ಸಾಧಾರಣ ಮಲ್ಟಿಮೀಟರ್ ಇದ್ದರೆ ಬ್ಯಾಟರಿಯ ಸ್ಥಿತಿ ತಿಳಿಯುತ್ತದೆ: ರಾತ್ರಿಯಿಡೀ ನಿಂತ ಕಾರಿನಲ್ಲಿ 12.6 ವೋಲ್ಟ್ ಇದ್ದರೆ ಅದು ತುಂಬಿದೆ. ಎಂಜಿನ್ ಚಾಲೂ ಇದ್ದಾಗ ಸುಮಾರು 13.8ರಿಂದ 14.5ರವರೆಗೆ ತೋರಿಸಿದರೆ ಆಲ್ಟರ್ನೇಟರ್ ಸರಿಯಾಗಿದೆ. ಇದನ್ನು ನೋಡದೆಯೇ ಹೊಸ ಬ್ಯಾಟರಿ ಕೊಳ್ಳುವುದು ವ್ಯರ್ಥ ಖರ್ಚು.

ನಮ್ಮ ಪರಿಸರಕ್ಕೆ ವಿಶೇಷವಾಗಿ ಅನ್ವಯಿಸುವ ನಾಲ್ಕು ಮಾತುಗಳಿವೆ. ಮೊದಲನೆಯದು ಧೂಳು. ಭತ್ತದ ರಾಶಿಯ ಕಾಲದಲ್ಲಿ, ಗಿರಣಿಯ ಹೊಟ್ಟಿನ ನಡುವೆ ಓಡುವ ಕಾರಿನ ಏರ್ ಫಿಲ್ಟರನ್ನು ಕೈಪಿಡಿಯ ಅವಧಿಗೆ ಕಾಯದೆ ತಿಂಗಳಿಗೊಮ್ಮೆ ತೆಗೆದು ನೋಡಬೇಕು. ಎರಡನೆಯದು ನೀರು. ನಮ್ಮ ಕೊಳವೆಬಾವಿಯ ಗಡಸು ನೀರನ್ನು ರೇಡಿಯೇಟರಿಗೆ ಸುರಿದರೆ ಒಳಗೆ ಸುಣ್ಣ ಕಟ್ಟಿ, ಏಪ್ರಿಲ್-ಮೇ ತಿಂಗಳ ಬಿಸಿಲಿನಲ್ಲಿ ಎಂಜಿನ್ ಕುದಿಯುತ್ತದೆ. ಬಟ್ಟಿ ಇಳಿಸಿದ ನೀರು ಬೆರೆಸಿದ ಕೂಲಂಟ್ ದುಬಾರಿಯಲ್ಲ. ಬಿಸಿಯಾಗುತ್ತದೆಯೆಂದು ಥರ್ಮೋಸ್ಟಾಟ್ ಕಿತ್ತೆಸೆಯುವುದು ರೋಗ ಬಿಟ್ಟು ಲಕ್ಷಣಕ್ಕೆ ಮದ್ದು ಮಾಡಿದಂತೆ. ಎಂಜಿನ್ ತಕ್ಕ ಶಾಖಕ್ಕೆ ಬಾರದೆ ಇಂಧನ ಹೆಚ್ಚು ಸುಡುತ್ತದೆ, ಸವೆತವೂ ಹೆಚ್ಚುತ್ತದೆ.

ಮೂರನೆಯದು ಇಲಿ. ಕಾಳಿನ ಗೋದಾಮಿನ ಪಕ್ಕ ನಿಲ್ಲಿಸಿದ ಕಾರಿನ ವೈರುಗಳನ್ನು ಇಲಿ ಕಡಿಯುವುದು ಎಲ್ಲರಿಗೂ ತಿಳಿದ ತೊಂದರೆ. ವಾರಕ್ಕೊಮ್ಮೆ ಬಾನೆಟ್ ತೆರೆದು ನೋಡುವುದು, ಕೆಳಗಿನ ಸಂದುಗಳಿಗೆ ತಂತಿ ಜಾಳಿಗೆ ಹಾಕುವುದು ಮನೆಯವರೇ ಮಾಡಬಹುದಾದ ರಕ್ಷಣೆ. ನಾಲ್ಕನೆಯದು ಪೆಟ್ರೋಲ್. ಈಗ ಪಂಪುಗಳಲ್ಲಿ ದೊರೆಯುವುದು ಶೇ. 20ರವರೆಗೆ ಎಥೆನಾಲ್ ಬೆರೆತ ಇಂಧನ. ಹಳೆಯ ಕಾರುಗಳ ಕೆಲವು ರಬ್ಬರ್ ಭಾಗಗಳನ್ನೂ ಗ್ಯಾಸ್ಕೆಟ್‌ಗಳನ್ನೂ ಬೇಗ ಬದಲಿಸಬೇಕಾಗಬಹುದೆಂದು ಕೇಂದ್ರ ಸರ್ಕಾರವೇ 2025ರಲ್ಲಿ ಒಪ್ಪಿಕೊಂಡಿದೆ. ಬಾನೆಟ್ ತೆರೆದಾಗ ಪೆಟ್ರೋಲಿನ ವಾಸನೆ ಬಂದರೆ, ಪೈಪು ಬಿರುಕು ಬಿಟ್ಟಿದ್ದರೆ, ಆ ಕಾರನ್ನು ಅಂದೇ ನಿಲ್ಲಿಸಬೇಕು. ಎಥೆನಾಲಿಗೆ ತಡೆಯುವ ಪೈಪನ್ನೇ ಕೇಳಿ ಕೊಳ್ಳಬೇಕು.

ಕೈ ಹಾಕಬಾರದ ಕೆಲಸ

ಬ್ರೇಕಿನ ಹೈಡ್ರಾಲಿಕ್ ಭಾಗ, ಸ್ಟಿಯರಿಂಗ್, ಸಸ್ಪೆನ್ಷನ್ ಸ್ಪ್ರಿಂಗ್, ಏರ್‌ಬ್ಯಾಗ್, ಟೈಮಿಂಗ್ ಬೆಲ್ಟ್ ಇವುಗಳನ್ನು ಅನುಭವಿ ಮೆಕ್ಯಾನಿಕ್‌ಗೆ ಬಿಡುವುದೇ ಲೇಸು. ಮಾಲೀಕನ ಕೆಲಸ ಪರೀಕ್ಷಿಸುವುದು ಮತ್ತು ಅವಧಿ ನೆನಪಿಡುವುದು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುವುದರಿಂದ ಎರಡು ವರ್ಷಕ್ಕೊಮ್ಮೆ ಬದಲಾಗಬೇಕು. ಟೈರಿನ ಪಕ್ಕದಲ್ಲಿ ಒತ್ತಿದ ನಾಲ್ಕು ಅಂಕಿಗಳು ತಯಾರಿಕೆಯ ವಾರ ಮತ್ತು ವರ್ಷವನ್ನು ತಿಳಿಸುತ್ತವೆ; 3219 ಎಂದಿದ್ದರೆ 2019ರ 32ನೇ ವಾರ. ಹಲ್ಲು 1.6 ಮಿಲಿಮೀಟರಿಗಿಂತ ಸವೆದ ಟೈರು ಬಳಕೆಗೆ ಯೋಗ್ಯವಲ್ಲ. ಹಲ್ಲು ಉಳಿದಿದ್ದರೂ ರಬ್ಬರು ಮುಪ್ಪಾಗಿ ಬಿರುಕು ಬಿಟ್ಟಿದ್ದರೆ ಅದನ್ನು ನಂಬಬಾರದು.

ಎಲ್ಲಕ್ಕಿಂತ ಮುಖ್ಯವಾದುದು, ಬರೀ ಜಾಕ್ ಮೇಲೆ ನಿಂತ ಕಾರಿನ ಕೆಳಗೆ ಯಾರೂ ನುಸುಳಬಾರದು. ಸಮತಟ್ಟಾದ ಗಟ್ಟಿ ನೆಲ, ಚಕ್ರಕ್ಕೆ ಅಡ್ಡಗಟ್ಟಿದ ಒತ್ತು, ತೂಕಕ್ಕೆ ತಕ್ಕ ಸ್ಟ್ಯಾಂಡ್ ಈ ಮೂರೂ ಇಲ್ಲದಿದ್ದರೆ ಆ ಕೆಲಸವೇ ಬೇಡ. ಉಳಿಸಿದ ನಾಲ್ಕುನೂರು ರೂಪಾಯಿ ಮಜೂರಿಯು ಒಂದು ಕುಟುಂಬದ ಆಧಾರಕ್ಕಿಂತ ದೊಡ್ಡದಲ್ಲ.

ಸುಧಾರಣೆ ಬೇರೆ, ಮಾರ್ಪಾಡು ಬೇರೆ

ಹಳೆಯ ಕಾರಿಗೆ ಹೊಸ ಸೌಕರ್ಯ ಕೂಡಿಸುವಾಗ ಕಾನೂನಿನ ಗೆರೆಯನ್ನು ತಿಳಿದಿರಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು, ನೋಂದಣಿ ಪತ್ರದ ವಿವರಗಳಿಗೆ ತಾಳೆಯಾಗದಂತೆ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿದಿದೆ. ಬಣ್ಣ ಬದಲಿಸಿದರೆ ನೋಂದಣಿ ಪತ್ರದಲ್ಲಿ ನಮೂದಾಗಬೇಕು. ಗ್ಯಾಸ್ ಕಿಟ್ ಅಳವಡಿಸುವುದಾದರೆ ಅನುಮೋದಿತ ಕಿಟ್ಟನ್ನು ಅಧಿಕೃತರಿಂದಲೇ ಹಾಕಿಸಿ ಪತ್ರದಲ್ಲಿ ಬರೆಸಬೇಕು. ಅಡುಗೆ ಸಿಲಿಂಡರಿನಿಂದ ಕಾರು ಓಡಿಸುವುದು ಅಪರಾಧವೂ ಹೌದು, ಆತ್ಮಹತ್ಯೆಯೂ ಹೌದು.

ಕಾನೂನಿನೊಳಗೇ ಮಾಡಬಹುದಾದ ಒಳ್ಳೆಯ ಸುಧಾರಣೆಗಳಿವೆ. ಹಳೆಯ ಮಾರುತಿಗಳ ಮಂದ ದೀಪಕ್ಕೆ ಹೆಚ್ಚು ವ್ಯಾಟಿನ ಬಲ್ಬ್ ಹಾಕಿದರೆ ಹೋಲ್ಡರ್ ಕರಗಿ ವೈರ್ ಸುಡುತ್ತದೆ, ಎದುರಿನವರ ಕಣ್ಣೂ ಕುಕ್ಕುತ್ತದೆ. ಅದರ ಬದಲು ಮೂಲ ವ್ಯಾಟಿನ ಬಲ್ಬನ್ನೇ ಇಟ್ಟು, ಫ್ಯೂಸ್ ಸಹಿತ ರಿಲೇ ವೈರಿಂಗ್ ಹಾಕಿದರೆ ಬಲ್ಬಿಗೆ ಪೂರ್ಣ ವೋಲ್ಟೇಜು ತಲುಪಿ ಬೆಳಕು ಹೆಚ್ಚುತ್ತದೆ. ಹಿಂದಿನ ಸೀಟಿಗೆ ಕಂಪನಿಯು ಕೊಟ್ಟ ಜಾಗದಲ್ಲಿಯೇ ಬೆಲ್ಟ್ ಕೂಡಿಸುವುದು, ಸವೆದ ಬೆಲ್ಟನ್ನು ಬದಲಿಸುವುದು ಹೊಸ ಮ್ಯೂಸಿಕ್ ಸಿಸ್ಟಮಿಗಿಂತ ಮುಂಚೆ ಆಗಬೇಕಾದ ಕೆಲಸ.

ಕೌಂಟರಿನ ಹೊಣೆ

ಮನೆಯಲ್ಲಿ ದುರಸ್ತಿ ಮಾಡುವ ಗಿರಾಕಿಗೂ ಮೆಕ್ಯಾನಿಕ್‌ಗೂ ಒಂದು ವ್ಯತ್ಯಾಸವಿದೆ. ಮೆಕ್ಯಾನಿಕ್ ಮಾಲನ್ನು ಮುಟ್ಟಿ ನೋಡಿ ಅಸಲಿ ನಕಲಿಗಳನ್ನು ಗುರುತಿಸಬಲ್ಲ. ಗಿರಾಕಿಯು ಅಂಗಡಿಕಾರನ ಮಾತನ್ನೇ ನಂಬುತ್ತಾನೆ. ನಕಲಿ ಫಿಲ್ಟರಿನ ಕಾಗದ ಹರಿದರೆ ಎಂಜಿನ್ ಹಾಳಾಗುತ್ತದೆ. ನಕಲಿ ಬ್ರೇಕ್ ಪ್ಯಾಡಿನಿಂದ ಪ್ರಾಣವೇ ಹೋಗಬಹುದು. ಜೇವರ್ಗಿಯಿಂದ ಬರುವ 150ಎ ರಾಷ್ಟ್ರೀಯ ಹೆದ್ದಾರಿ ಲಿಂಗಸುಗೂರು, ಮಸ್ಕಿ, ಸಿಂಧನೂರುಗಳನ್ನು ಹಾದುಹೋಗುತ್ತದೆ. ಭತ್ತದ ಲಾರಿ, ಟ್ರ್ಯಾಲಿಗಳ ನಡುವೆ ಆ ರಸ್ತೆಯಲ್ಲಿ ಬ್ರೇಕ್ ಹಿಡಿಯದ ಕಾರು ನಮ್ಮವರದೇ ಆಗಿರುತ್ತದೆ.

ಕಾನೂನೂ ಸುಮ್ಮನಿಲ್ಲ. 1999ರ ಟ್ರೇಡ್ ಮಾರ್ಕ್ ಕಾಯ್ದೆಯಡಿ ಸುಳ್ಳು ಮುದ್ರೆಯ ಸರಕು ಮಾರುವವರಿಗೆ 6 ತಿಂಗಳಿಂದ 3 ವರ್ಷದವರೆಗೆ ಸೆರೆವಾಸ, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ದೋಷಯುಕ್ತ ಸರಕಿನ ಹೊಣೆಯನ್ನು ಮಾರಾಟಗಾರನ ಮೇಲೂ ಹೊರಿಸಬಲ್ಲದು. ಕಂಪನಿಯ ಹೆಸರಿಲ್ಲದ ಅಗ್ಗದ ಮಾಲನ್ನು ಅಗ್ಗದ ಮಾಲೆಂದೇ ಹೇಳಿ ಮಾರುವುದು ಬೇರೆ. ಅದನ್ನು ಕಂಪನಿಯ ಪೆಟ್ಟಿಗೆಯಲ್ಲಿಟ್ಟು ಕೊಡುವುದು ಬೇರೆ. ಮೊದಲನೆಯದು ವ್ಯಾಪಾರ, ಎರಡನೆಯದು ಮೋಸ.

ನಾಲ್ಕು ಸಲಹೆಗಳು

ವ್ಯಾಪಾರಿ ಬಾಂಧವರು ಈ ಕೆಳಗಿನ ವಿಷಯಗಳನ್ನು ಪರಿಶೀಲಿಸಬೇಕೆಂದು ವಿನಂತಿ.

ಒಂದು, ಬಿಡಿಭಾಗ ಮಾರುವ ಪ್ರತಿಯೊಬ್ಬ ಸದಸ್ಯರೂ ಭಾಗದ ಸಂಖ್ಯೆ, ತಯಾರಕರ ಹೆಸರು ನಮೂದಿಸಿದ ಬಿಲ್ಲನ್ನು ಕೇಳದಿದ್ದರೂ ಕೊಡಬೇಕು. ಬಿಲ್ಲಿಲ್ಲದ ಮಾಲಿಗೆ ಹೊಣೆಗಾರರೇ ಇರುವುದಿಲ್ಲ.

ಎರಡು, ಆಯಿಲ್ ಮಾರಿದ ಅಂಗಡಿಯು ಬಳಸಿದ ಆಯಿಲನ್ನು ಹಿಂದಕ್ಕೆ ಪಡೆಯಲು ಒಂದು ಡ್ರಮ್ ಇಡಬೇಕು. ಚರಂಡಿಗೆ ಸುರಿದ ಆಯಿಲ್ ಹಳ್ಳ ಸೇರಿ ಗದ್ದೆ ತಲುಪುತ್ತದೆ. 2024ರ ಏಪ್ರಿಲ್‌ನಿಂದ ಬಳಸಿದ ಆಯಿಲಿನ ಮರುಸಂಸ್ಕರಣೆಯ ಹೊಣೆ ಉತ್ಪಾದಕರ ಮೇಲೆಯೂ ಇದೆ. ಹಳೆಯ ಬ್ಯಾಟರಿಯನ್ನು ಬೆಲೆಯಲ್ಲಿ ಕಳೆದು ಪಡೆಯುವ ರೂಢಿ ನಮ್ಮಲ್ಲಿ ಈಗಾಗಲೇ ಇರುವಾಗ ಆಯಿಲಿಗೆ ಅದು ಅಸಾಧ್ಯವೇನಲ್ಲ.

ಮೂರು, ಐ.ಟಿ.ಐ. ಬೋಧಕರನ್ನೂ ಊರಿನ ಹಿರಿಯ ಮೆಕ್ಯಾನಿಕ್‌ಗಳನ್ನೂ ಸೂಕ್ತ ಗೌರವಧನ ಕೊಟ್ಟು ಕರೆಸಿ, ಕಾರು ಮಾಲೀಕರಿಗೆ ಭಾನುವಾರದ ತರಗತಿ ನಡೆಸಬೇಕು. ಇದರಿಂದ ಗ್ಯಾರೇಜಿನವರಿಗೆ ನಷ್ಟವೆಂಬುದು ತಪ್ಪು ಎಣಿಕೆ. ಫಿಲ್ಟರ್ ಬದಲಿಸಲು ಕಲಿತ ಮಾಲೀಕನು ಬ್ರೇಕಿನ ಸದ್ದನ್ನೂ ಗುರುತಿಸುತ್ತಾನೆ, ರಸ್ತೆಯಲ್ಲಿ ನಿಲ್ಲುವ ಮುನ್ನವೇ ಗ್ಯಾರೇಜಿಗೆ ಬರುತ್ತಾನೆ. ಕೆಟ್ಟು ನಿಂತ ಮೇಲೆ ಗುಜರಿಗೆ ಹೋಗುವ ಕಾರಿನಿಂದ ಯಾವ ಮೆಕ್ಯಾನಿಕ್‌ಗೂ ಆದಾಯವಿಲ್ಲ.

ನಾಲ್ಕು, ನಮ್ಮ ಸಣ್ಣ ಕೈಗಾರಿಕೆಗಳವರು ಇದರಲ್ಲಿ ಮಾರುಕಟ್ಟೆ ಕಾಣಬೇಕು. ಆಯಿಲ್ ಹಿಡಿಯುವ ತಟ್ಟೆ, ಚಕ್ರದ ಒತ್ತು, ಇಲಿ ಜಾಳಿಗೆ, ಸೀಟಿನ ಹೊದಿಕೆ, ರಬ್ಬರ್ ಮ್ಯಾಟುಗಳನ್ನು ಇಲ್ಲಿಯೇ ತಯಾರಿಸಬಹುದು. ಭಾರ ಹೊರುವ ಸ್ಟ್ಯಾಂಡ್ ತಯಾರಿಸುವವರು ಮಾತ್ರ ತೂಕದ ಪರೀಕ್ಷೆ ಮಾಡಿಸಿ, ಸಾಮರ್ಥ್ಯವನ್ನು ಅದರ ಮೇಲೆ ಕೆತ್ತದೆ ಮಾರಬಾರದು. ದುಬಾರಿ ಸಲಕರಣೆಗಳನ್ನು ದಿನದ ಬಾಡಿಗೆಗೆ ಕೊಡುವ ಅಂಗಡಿಯೂ ನಡೆಯಬಲ್ಲದು.

ಹೊಸ ಕಾರು ಕೊಳ್ಳುವ ಶಕ್ತಿ ಬಂದಾಗ ಕೊಳ್ಳುವುದು ಸಂತೋಷದ ವಿಷಯವೇ. ಅಲ್ಲಿಯವರೆಗೆ ಹಳೆಯ ಕಾರು ಅಂಗಡಿಯ ತಕ್ಕಡಿಯಂತೆ ದುಡಿಮೆಯ ಸಾಧನ. ತಕ್ಕಡಿ ಸರಿಯಾಗಿರಬೇಕೆಂದು ಪ್ರತಿ ವರ್ತಕನೂ ಬಯಸುತ್ತಾನೆ. ಕಾರನ್ನು ಸರಿಯಾಗಿಡುವ ಬಿಡಿಭಾಗವೂ ಅಷ್ಟೇ ಸರಿಯಾಗಿರುವಂತೆ ನೋಡಿಕೊಳ್ಳುವುದು ಅದನ್ನು ಮಾರುವ ನಮ್ಮವರ ಕೈಯಲ್ಲಿದೆ.