ಬಿಡಿಸುವುದಕ್ಕೆಂದೂ ಕೊಳ್ಳಬೇಡಿ

ಗೋನೆಗಂಡ್ಲದ ಸುತ್ತ ಸಜ್ಜೆ, ನವಣೆ ತೆನೆ ಬಲಿಯುವಾಗ ಸಣ್ಣ ಹಕ್ಕಿಗಳ ಗುಂಪೊಂದು ಹೊಲಕ್ಕೆ ಇಳಿಯುವುದನ್ನು ನೀವೂ ನೋಡಿರುತ್ತೀರಿ. ಮಣ್ಣಿನ ಬಣ್ಣ, ಬೆಳ್ಳಿಯಂಥ ದಪ್ಪ ಕೊಕ್ಕು, ಚೂಪಾದ ಕಪ್ಪು ಬಾಲ. ಇದು ರಾಟವಾಳ. ಗೀಜಗ ಬಿಟ್ಟುಹೋದ ಗೂಡಿನಲ್ಲಿ ಸಂಸಾರ ಹೂಡಲೂ ಇದಕ್ಕೆ ಸಂಕೋಚವಿಲ್ಲ! ರಾಟವಾಳಗಳಲ್ಲಿ ಹಲವು ಜಾತಿ. ನಮ್ಮ ಹೊಲದ್ದಕ್ಕೆ ಸದ್ಯ ಆತಂಕವಿಲ್ಲ. ಆದರೆ ಅದರ ಬಂಧು ಹಸಿರು ರಾಟವಾಳಕ್ಕೆ ಕಷ್ಟಕಾಲ ಬಂದಿದೆ.

ಹಸಿರು ರಾಟವಾಳ ಕೇವಲ ಹತ್ತು ಸೆಂಟಿಮೀಟರ್ ಉದ್ದ. ಬೆನ್ನು ಹಸಿರು, ಹೊಟ್ಟೆ ಹಳದಿ, ಕೊಕ್ಕು ಕೆಂಪು, ಪಕ್ಕೆಯಲ್ಲಿ ಕಪ್ಪು-ಬಿಳಿ ಪಟ್ಟೆ. ಭಾರತ ಬಿಟ್ಟರೆ ಇದಕ್ಕೆ ಬೇರೆ ತವರಿಲ್ಲ. ಒಂದು ಕಾಲಕ್ಕೆ ಲಾಹೋರಿನಲ್ಲಿಯೂ ಇತ್ತಂತೆ, ಪಂಜರದಿಂದ ತಪ್ಪಿಸಿಕೊಂಡವುಗಳ ಸಂತತಿ ಅದು. ಈಗ ರಾಜಸ್ಥಾನದ ಮೌಂಟ್ ಅಬು ಮತ್ತು ಮಧ್ಯ ಭಾರತದ ಕೆಲವು ಕಡೆ ಮಾತ್ರ ಗುಂಪಾಗಿ ಸಿಗುತ್ತದೆ. ಹುಲ್ಲಿನ ಬೀಜ ತಿಂದು, ಎತ್ತರದ ಹುಲ್ಲಿನಲ್ಲೋ ಕಬ್ಬಿನ ಗದ್ದೆಯಲ್ಲೋ ಗೂಡು ಕಟ್ಟುತ್ತದೆ. ಜಾಗತಿಕ ಕೆಂಪು ಪಟ್ಟಿಯಲ್ಲಿ ಇದು ಅಪಾಯಕ್ಕೆ ಈಡಾದ ಜೀವಿ.

ಇದಕ್ಕೆ ಮುಳುವಾದದ್ದು ಚೆಲುವೇ. ರಾಟವಾಳಗಳ ವ್ಯಾಪಾರ ಬಲು ಹಳೆಯದು. ಇವುಗಳ ಇಂಗ್ಲಿಷ್ ಹೆಸರು 'ಅವಡವಾಟ್', ಹಕ್ಕಿಗಳು ಸಾಗಿಹೋಗುತ್ತಿದ್ದ ಅಹಮದಾಬಾದ್ ಊರಿನ ಹೆಸರೇ ಪರದೇಶಿಗಳ ಬಾಯಲ್ಲಿ ಕೆಟ್ಟು ಹುಟ್ಟಿದ್ದು. ಊರಿನ ಹೆಸರು ಹೊತ್ತು ಹಡಗು ಹತ್ತಿದ ಹಕ್ಕಿ! 1972ರ ವನ್ಯಜೀವಿ ಕಾಯಿದೆಗೆ 1991ರಲ್ಲಿ ತಿದ್ದುಪಡಿಯಾದ ಮೇಲೆ ನಮ್ಮ ಕಾಡುಹಕ್ಕಿಗಳನ್ನು ಹಿಡಿದು ಮಾರುವುದು ಅಪರಾಧ. ಆದರೂ ಕದ್ದುಮುಚ್ಚಿ ಮಾರಾಟ ನಡೆದೇ ಇದೆ. ಸಾಧಾರಣ ರಾಟವಾಳಗಳಿಗೆ ಬಣ್ಣ ಬಳಿದು ವಿದೇಶಿ ಹಕ್ಕಿ ಎಂದು ಮಾರುವವರೂ ಉಂಟು.

ಇಲ್ಲಿ ಒಂದು ಮಾತು, ತಂದೆತಾಯಿಗಳಿಗೆ. ಜಾತ್ರೆಯಲ್ಲೋ ಸಂತೆಯಲ್ಲೋ ಬುಟ್ಟಿ ತುಂಬ ಹಕ್ಕಿ ಕಂಡಾಗ ಮಕ್ಕಳು ಅಯ್ಯೋ ಎನ್ನುತ್ತಾರೆ. ಮನೆಗೆ ಒಯ್ದು ಸಾಕೋಣ ಎನ್ನುವವರು ಕೆಲವರು, ಕೊಂಡು ಹಾರಿಸಿ ಬಿಡೋಣ ಎನ್ನುವ ಕರುಣೆಯವರು ಇನ್ನು ಕೆಲವರು. ಎರಡನೆಯದು ಪುಣ್ಯದ ಕೆಲಸದಂತೆ ಕಾಣುತ್ತದೆ, ನಿಜ. ಆದರೆ ಮಾರುವವನಿಗೆ ಹಣ ಬಂದರೆ ಸಾಕು, ಹಕ್ಕಿ ಎಲ್ಲಿಗೆ ಹೋಯಿತೆಂಬುದು ಅವನಿಗೆ ಬೇಡ. ನಾಳೆ ಅಷ್ಟೇ ಹಕ್ಕಿಗಳಿಗೆ ಮತ್ತೆ ಬಲೆ ಬೀಸುತ್ತಾನೆ. ಬಲೆಯಲ್ಲಿ, ಬುಟ್ಟಿಯಲ್ಲಿ, ದಾರಿಯಲ್ಲಿ ಸತ್ತವುಗಳ ಲೆಕ್ಕ ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಗರಿ ಮುರಿದ ಹಕ್ಕಿಯನ್ನು ಗುರುತಿಲ್ಲದ ಊರಿನಲ್ಲಿ ಹಾರಿಸಿದರೆ ಬೆಕ್ಕು, ಕಾಗೆಗಳ ಬಾಯಿಗೆ ಇಟ್ಟಂತೆಯೇ.

ಹಾಗಾದರೆ ಏನು ಮಾಡಬೇಕು? ಮಾರಾಟ ಕಂಡರೆ ಜಾಗ, ಹೊತ್ತು ಗುರುತಿಟ್ಟುಕೊಂಡು ಅರಣ್ಯ ಇಲಾಖೆಗೆ ತಿಳಿಸಿ. ಮಕ್ಕಳಿಗೆ ರಾಟವಾಳ ನೋಡುವ ಆಸೆಯಿದ್ದರೆ ಪಂಜರ ಬೇಡ, ಬೆಳಿಗ್ಗೆ ಬೇಗ ಗಾಜುಲದಿನ್ನೆ ಕೆರೆಯಂಚಿಗೋ ಸಜ್ಜೆ ಹೊಲದ ಬದುವಿಗೋ ಕರೆದೊಯ್ಯಿರಿ. ಬದುವಿನ ಹುಲ್ಲನ್ನೆಲ್ಲ ಒಮ್ಮೆಗೇ ಸುಡದೆ ಒಂದು ಮೂಲೆ ಬಿಟ್ಟರೆ ಹಕ್ಕಿಗಳು ತಾವಾಗಿಯೇ ಬರುತ್ತವೆ. ನಾಲ್ಕು ತೆನೆ ಹೋಗಬಹುದು. ಆದವಾನಿಯ ಹತ್ತಿ ಮಾರುಕಟ್ಟೆಯಲ್ಲಿ ತೂಕದಲ್ಲಿ ಹೋಗುವುದು ಅದಕ್ಕಿಂತ ಹೆಚ್ಚೇ ಇರುತ್ತದೆ!